ಪ್ಲೇಟಿನ ಮೇಲಿನ ಹೆಸರು

ದತ್ತಿ ಎಂದರೆ, ಒಬ್ಬರ ಹೆಸರು ವರ್ಷಕ್ಕೊಮ್ಮೆಯಾದರೂ ವೇದಿಕೆಯ ಮೇಲಿಂದ ಕೇಳಿಬರಲಿ ಎಂದು ಬ್ಯಾಂಕಿನಲ್ಲಿ ಇಟ್ಟ ಇಡುಗಂಟು. ಬಡ್ಡಿಯಲ್ಲಿ ಹಾರ, ಶಾಲು, ಉಪ್ಪಿಟ್ಟು, ಉಪನ್ಯಾಸ. ನಿರೂಪಕರು ಆ ಹೆಸರನ್ನು ಎರಡು ಸಲ ಓದಿದರೆ ದತ್ತಿಯ ಉದ್ದೇಶ ಅರ್ಧ ಈಡೇರಿದಂತೆ. ಹೆಸರು ಉಳಿಸಲು ಇಷ್ಟು ಮುತುವರ್ಜಿ ಇರುವ ನಾಡಿನಲ್ಲಿ ಹಾಡಿದ ಹೆಣ್ಣುಮಕ್ಕಳ ಹೆಸರುಗಳಿಗೆ ಏನಾಯಿತು ಎಂದು ಕೇಳಲು ದತ್ತಿ ಉಪನ್ಯಾಸಕ್ಕಿಂತ ತಕ್ಕ ಜಾಗ ಸಿಗಲಿಕ್ಕಿಲ್ಲ.

ಸಂಗೀತದ ರುಚಿ ಹೊಸದಾಗಿ ಹತ್ತಿದವರು ಒಂದು ಪ್ರಶ್ನೆ ಕೇಳುವುದುಂಟು: ಗಾಯಕಿಯರಲ್ಲಿ ಯಾರನ್ನು ಕೇಳಬೇಕು, ಎಲ್ಲಿಂದ ಶುರು ಮಾಡಬೇಕು? ಹಿರಿಯರ ಉತ್ತರ ಬಾಯಿಪಾಠವಾಗಿರುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿ, ಗಂಗೂಬಾಯಿ ಹಾನಗಲ್, ಲತಾ ಮಂಗೇಶ್ಕರ್, ಎಸ್. ಜಾನಕಿ. ಉತ್ತರದಲ್ಲಿ ತಪ್ಪೇನಿಲ್ಲ. ಆದರೆ ಅಗಸೆ ಬಾಗಿಲು ನೋಡಿ ಊರು ನೋಡಿಬಂದೆ ಎಂದ ಹಾಗಾಗುತ್ತದೆ ಅಷ್ಟೆ. ಹೊಸಬರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಗೊತ್ತಿರುವ ಹೆಸರನ್ನೇ ಕಣ್ಣಿಟ್ಟು ಓದಿದರೆ ಅದರ ಬೆನ್ನಿಗೆ ಇನ್ನೂ ನಾಲ್ಕು ಹೆಸರು ನಿಂತಿರುತ್ತವೆ.

ಗಂಗೂಬಾಯಿಯವರನ್ನೇ ತೆಗೆದುಕೊಳ್ಳಬಹುದು. 1930ರ ದಶಕದ ಮೊದಲಲ್ಲಿ ಎಚ್‌ಎಂವಿ ಹೊರತಂದ ಅವರ ಗ್ರಾಮಫೋನ್ ಪ್ಲೇಟುಗಳ ಮೇಲೆ ಗಂಗೂಬಾಯಿ ಎಂಬ ಹೆಸರೇ ಇರಲಿಲ್ಲ. ಅಲ್ಲಿದ್ದದ್ದು ಗಾಂಧಾರಿ ಹಾನಗಲ್. ದನಿಯೂ ಬೇರೆ. ಗಾಯಕ ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಯಲ್ಲಿ ಕೇಳುವುದು ತೆಳುವಾದ, ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ಓಡಾಡುವ ಹುಡುಗಿಯ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ದನಿ ಇಳಿದು, ಜನ ‘ಗಂಡುದನಿ’ ಎಂದು ಕರೆದ ಆ ಗಂಭೀರ ಕಂಠ ಬಂತು. ಗಾಂಧಾರಿಯ ಪ್ಲೇಟನ್ನು ಹೆಸರು ಹೇಳದೆ ಹಾಕಿದರೆ ಹುಬ್ಬಳ್ಳಿಯ ಪಳಗಿದ ಕೇಳುಗರೂ ಒಂದು ಕ್ಷಣ ತಡವರಿಸಬಹುದು.

ಆ ಕಂಠದ ಹಿಂದೆ ಇನ್ನೊಂದು ಕಂಠವಿತ್ತು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ ಎರಡು ಪದ್ಧತಿ ಕಲಬೆರಕೆಯಾಗಬಾರದೆಂದು ಅವರು ತಮ್ಮ ಹಾಡನ್ನೇ ಬದಿಗಿಟ್ಟರು. 1932ರಲ್ಲಿ ತೀರಿಕೊಂಡರು. ಗಂಗೂಬಾಯಿಯವರ ಕಥೆಯಲ್ಲಿ ಗುರು ಸವಾಯಿ ಗಂಧರ್ವರು ಬರುತ್ತಾರೆ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪಾಠಕ್ಕೆಂದು ಹೋಗುತ್ತಿದ್ದ ರೈಲು ಬರುತ್ತದೆ. ಮಗಳ ಹಾಡಿಗಾಗಿ ಬಾಯಿ ಮುಚ್ಚಿದ ತಾಯಿ ಮಾತ್ರ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾಳೆ.

ಧಾರವಾಡದ ಬಾಲ್ಯದ ಇನ್ನೊಂದು ಪ್ರಸಂಗವನ್ನು ಗಂಗೂಬಾಯಿ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ನೆರೆಯ ಸ್ಥಿತಿವಂತರ ಹಿತ್ತಲಲ್ಲಿ ಮಾವಿನಕಾಯಿ ಕಿತ್ತದ್ದಕ್ಕೆ ಬೈಗುಳ ಬಿತ್ತು. ಕಾಯಿ ಕದ್ದದ್ದು ಆ ಮನೆಯವರಿಗೆ ದೊಡ್ಡ ಮಾತಾಗಿರಲಿಲ್ಲ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಎಂಬುದೇ ದೊಡ್ಡದು. ಅಂಥವರೇ ಮುಂದೆ ಮನೆಗೆ ಕರೆದು ಸತ್ಕಾರ ಮಾಡಿದರು ಎಂದೂ ಅವರು ಸಣ್ಣ ವ್ಯಂಗ್ಯದಲ್ಲಿ ನೆನೆದಿದ್ದಾರೆ. ಗಂಡಸು ಹಾಡಿದರೆ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟೇ ಹಾಡಲಿ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಅವರ ಮಾತು ಸಂಗೀತಗಾರರ ನಡುವೆ ಇಂದಿಗೂ ಓಡಾಡುತ್ತದೆ. ಪದ್ಮವಿಭೂಷಣ ಬಂದದ್ದು 2002ರಲ್ಲಿ. ಆಗಲೂ ಅವರು ಗಂಗೂಬಾಯಿಯೇ.

ಇನ್ನು ‘ಹಾನಗಲ್’. ಅದು ಮನೆತನದ ಅಡ್ಡಹೆಸರಲ್ಲ, ಊರು. ಕೇಸರ್‌ಬಾಯಿ ಕೇರ್ಕರ್ ಗೋವೆಯ ಕೇರಿಯವರು. ಮೋಗುಬಾಯಿ ಕುರ್ಡೀಕರ್ ಕುರ್ಡಿಯವರು. ಹೀರಾಬಾಯಿ ಬಡೋದೇಕರ್ ಹೆಸರಿನಲ್ಲಿ ಬಡೋದೆ ಇದೆ. ಅವರ ತಂದೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್, ಹೀರಾಬಾಯಿಯವರ ಹುಟ್ಟಿದಾಗಿನ ಹೆಸರು ಚಂಪಾಕಲಿ. ತಾಯಿ ತಾರಾಬಾಯಿ ಖಾನ್‌ಸಾಹೇಬರಿಂದ ಬೇರೆಯಾದ ಮೇಲೆ ಮಕ್ಕಳ ಹೆಸರುಗಳೂ ಬದಲಾದವು. ಸಕೀನಾ ಎಂಬ ತಂಗಿ ಸರಸ್ವತೀಬಾಯಿ ರಾಣೆಯಾದರು. ದೇವದಾಸಿ, ಕಲಾವಂತ, ನಾಟಕದ ಮನೆತನಗಳಿಂದ ಬಂದ ಅನೇಕ ಗಾಯಕಿಯರಿಗೆ ಹೆಸರಿನ ಮುಂದೆ ಇಟ್ಟುಕೊಳ್ಳಲು ತಂದೆಯ ಅಡ್ಡಹೆಸರು ಸಿಗುತ್ತಿರಲಿಲ್ಲ. ಆ ಜಾಗಕ್ಕೆ ಊರು ಬಂದು ಕೂತಿತು. ಹಾಗಾಗಿ ಇವರ ಹೆಸರುಗಳನ್ನು ಜೋಡಿಸಿದರೆ ಪಶ್ಚಿಮ ಭಾರತದ ಸಂಗೀತದ ನಕ್ಷೆಯೇ ಸಿದ್ಧವಾಗುತ್ತದೆ.

ಆ ನಕ್ಷೆಯ ಒಂದು ಊರು ಈಗ ನೀರಿನಡಿ ಇದೆ. ಸಾಲಾವಲಿ ಅಣೆಕಟ್ಟು ಕಟ್ಟಿದಾಗ ಕುರ್ಡಿ ಮುಳುಗಿತು. ಪ್ರತಿ ಮೇ ತಿಂಗಳಲ್ಲಿ ಹಿನ್ನೀರು ತಗ್ಗಿದಾಗ ಗೋಡೆಯ ಬುಡಗಳು, ದಾರಿಗಳು, ಗುಡಿ ಮೇಲೇಳುತ್ತವೆ, ಚದುರಿಹೋದ ಊರವರು ಬಂದು ಸೇರುತ್ತಾರೆ. ಮಳೆ ಹಿಡಿದರೆ ಮತ್ತೆ ನೀರು. ವರ್ಷದ ಉಳಿದ ತಿಂಗಳು ಕುರ್ಡಿ ಇರುವುದು ಮೋಗುಬಾಯಿಯವರ ಹೆಸರಿನಲ್ಲಿ. ಅವರನ್ನು ಗಾಯಕಿ ಕಿಶೋರಿ ಆಮೋಣ್ಕರ್ ಅವರ ತಾಯಿ ಎಂದಷ್ಟೇ ತಿಳಿದವರು ಒಮ್ಮೆ ಮಗಳನ್ನು ಬದಿಗಿಟ್ಟು ತಾಯಿಯನ್ನು ಕೇಳಬೇಕು. ಮಗಳಲ್ಲಿರುವ ಭಾವದ ಉಕ್ಕು ಅಲ್ಲಿಲ್ಲ. ಇರುವುದು ಲಯದ ಮೇಲಿನ ಹಿಡಿತ, ಒಂದೊಂದು ಆವರ್ತನವನ್ನೂ ಬಂಗಾರ ತೂಗಿದ ಹಾಗೆ ತೂಗುವ ಜಾಣತನ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳಿ ಬೆಳೆದ ಧಾರವಾಡದ ಕಿವಿಗೆ ಇದು ಪರಕೀಯವಾಗಲಾರದು. ಇಬ್ಬರದೂ ಅಲ್ಲಾದಿಯಾ ಖಾನರ ಮನೆಯ ವಿದ್ಯೆಯೇ.

ಕೇಸರ್‌ಬಾಯಿಯವರ ಭೈರವಿಯಂತೂ ಗ್ರಹಮಂಡಲವನ್ನೇ ದಾಟಿದೆ. 1977ರಲ್ಲಿ ಅಮೆರಿಕ ಹಾರಿಸಿದ ವಾಯೇಜರ್ ನೌಕೆಗಳಲ್ಲಿ ಇಟ್ಟ ಚಿನ್ನದ ತಟ್ಟೆಯಲ್ಲಿ ಅವರ ಮೂರೂವರೆ ನಿಮಿಷದ ಹಾಡಿದೆ. ವಾಯೇಜರ್-1 ಮೇಲೇರಿದ್ದು ಸೆಪ್ಟೆಂಬರ್ 5ರಂದು. ಕೇಸರ್‌ಬಾಯಿ ತೀರಿಕೊಂಡದ್ದು ಸೆಪ್ಟೆಂಬರ್ 16ರಂದು. ಅನ್ಯಗ್ರಹದವರಿಗೆ ಕೇಳಲೆಂದು ಕಳಿಸಿದ ಈ ದನಿಯನ್ನು ಬೆಳಗಾವಿಯಲ್ಲಿ, ಬೆಂಗಳೂರಿನಲ್ಲಿ ಎಷ್ಟು ಮಂದಿ ಕೇಳಿದ್ದಾರೆ ಎಂದು ಲೆಕ್ಕ ಹಾಕಲು ಹೋಗದಿರುವುದೇ ಒಳ್ಳೆಯದು.

ಪ್ಲೇಟಿನ ಮಾತಿಗೆ ಮರಳಿದರೆ, ಭಾರತದ ನೆಲದಲ್ಲಿ ಗ್ರಾಮಫೋನ್ ಮುದ್ರಣ ಶುರುವಾದದ್ದು 1902ರ ನವೆಂಬರ್‌ನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಪರವಾಗಿ ಬಂದವನು ಫ್ರೆಡ್ ಗೈಸ್‌ಬರ್ಗ್. ಮೊದಲು ಹಾಡಿದವರು ಗೋಹರ್ ಜಾನ್ ಎಂದು ಎಷ್ಟೋ ಕಡೆ ಅಚ್ಚಾಗಿದೆ. ಆದರೆ ಅವರಿಗಿಂತ ಕೆಲವು ದಿನ ಮುಂಚೆ ಅದೇ ಮುದ್ರಣಯಂತ್ರದ ಕಹಳೆಯ ಮುಂದೆ ನಿಂತವರು ನಾಟಕ ಕಂಪನಿಯ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಹದಿನಾಲ್ಕು, ಹದಿನಾರರ ಪ್ರಾಯ. ಗೈಸ್‌ಬರ್ಗ್‌ಗೆ ಆ ದನಿಗಳು ಹಿಡಿಸಲಿಲ್ಲ, ದಿನಚರಿಯಲ್ಲಿ ತಾತ್ಸಾರದ ಒಂದು ಮಾತು ಗೀಚಿದ್ದಾನೆ. ಅವನಿಗೆ ನಮ್ಮ ಸಂಗೀತದ ಗಂಧವೂ ಇರಲಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಆ ಮಾತನ್ನು ಓದಬೇಕು. ತಾತ್ಸಾರವೇ ಆದರೂ ಬರೆದಿಟ್ಟನಲ್ಲ, ಅದರಿಂದ ಎರಡು ಹೆಸರು ಉಳಿದವು.

ಆಗಿನ ಪ್ಲೇಟುಗಳ ಕೊನೆಯಲ್ಲಿ ಒಂದು ವಿಚಿತ್ರವಿದೆ. ಮೂರು ನಿಮಿಷ ತುಂಬುತ್ತ ಬಂದಂತೆ ಹಾಡು ಗಡಿಬಿಡಿಯಲ್ಲಿ ನಿಲ್ಲುತ್ತದೆ, ಕೂಡಲೇ ಗಾಯಕಿ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾಳೆ. ಗೋಹರ್ ಜಾನ್ ಹೇಳುವುದರಲ್ಲಿ ಒಂದು ಠೇಂಕಾರವೇ ಇದೆ. ಇದು ಬಿಂಕವಲ್ಲ, ಕಾರಖಾನೆಯ ಅಗತ್ಯ. ಮುದ್ರಣದ ಮೇಣದ ತಟ್ಟೆ ಹಡಗು ಹತ್ತಿ ಜರ್ಮನಿಯ ಹ್ಯಾನೋವರ್‌ಗೆ ಹೋಗುತ್ತಿತ್ತು, ಪ್ಲೇಟು ಒತ್ತುತ್ತಿದ್ದದ್ದು ಅಲ್ಲಿ. ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾವುದು ಯಾರ ಹಾಡು ಎಂದು ಗುರುತು ಹತ್ತಬೇಕಲ್ಲ. ದೊಡ್ಡ ದೊಡ್ಡ ಉಸ್ತಾದರು ಯಂತ್ರ ದನಿಯನ್ನು ಹೀರಿಬಿಡುತ್ತದೆ ಎಂದೋ, ಕಂಡಕಂಡವರ ಮನೆಯಲ್ಲಿ ತಮ್ಮ ವಿದ್ಯೆ ಬಿಕರಿಯಾಗುತ್ತದೆ ಎಂದೋ ಹಿಂಜರಿಯುತ್ತಿದ್ದ ಕಾಲದಲ್ಲಿ, ಮರ್ಯಾದಸ್ಥರ ಮನೆಯ ಹೆಂಗಸರಿಗೆ ಹಾಡುವುದೇ ನಿಷಿದ್ಧವಾಗಿದ್ದ ಕಾಲದಲ್ಲಿ, ಕಹಳೆಯ ಮುಂದೆ ಬಂದವರು ತವಾಯಿಫರು, ದೇವದಾಸಿಯರು, ನಾಟಕದ ಹುಡುಗಿಯರು. ಹಾಡು ಅವರ ಉದ್ಯೋಗವಾಗಿತ್ತು. ಹೊಸ ಯಂತ್ರವನ್ನು ಅವರು ಹೊಸ ಗಿರಾಕಿಯಂತೆ ಕಂಡರು. ಖಯಾಲನ್ನು, ಠುಮ್ರಿಯನ್ನು, ಜಾವಳಿಯನ್ನು ಮೂರು ನಿಮಿಷಕ್ಕೆ ಕತ್ತರಿಸುವ ಕಸುಬನ್ನು ಮೊದಲು ಸಾಧಿಸಿದವರು ಇವರೇ.

ಗೋಹರ್ ಜಾನ್ ಕೊನೆಗೆ ಬಂದದ್ದು ಮೈಸೂರಿಗೆ. 1873ರಲ್ಲಿ ಆಜಂಗಢದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಮೆರೆದು, ಕೋರ್ಟು ಕಚೇರಿಗಳಲ್ಲಿ ನಲುಗಿದ ಆಕೆಗೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಆಶ್ರಯ ಕೊಟ್ಟರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲೇ ತೀರಿಕೊಂಡರು. ಬೆಂಗಳೂರಿನ ವಿಕ್ರಮ್ ಸಂಪತ್ ಅರಮನೆಯ ಕಡತಗಳ ಜಾಡು ಹಿಡಿದು ಬರೆದ ಜೀವನಚರಿತ್ರೆ ಬಂದದ್ದು 2010ರಲ್ಲಿ. ನಡುವಿನ ಎಂಬತ್ತು ವರ್ಷ ಮೈಸೂರಿಗೆ ಆಕೆಯ ನೆನಪು ಅಷ್ಟಕ್ಕಷ್ಟೇ.

ಇಲ್ಲೊಂದು ಎಚ್ಚರಿಕೆ ಬೇಕು. ಹೆಸರು ಹಿಡಿದು ಹುಡುಕುವವರಿಗೆ ಇನ್ನೊಬ್ಬ ಗೋಹರ್ ಎದುರಾಗುತ್ತಾರೆ, ಬೀಳಗಿಯ ಗೋಹರ್‌ಬಾಯಿ ಕರ್ನಾಟಕಿ. ಇಬ್ಬರನ್ನು ಕಲಸಿಬಿಡಬಾರದು. ಈ ಗೋಹರ್‌ರ ಕಥೆ ಕಾದಂಬರಿಕಾರನೂ ಕಟ್ಟಲು ಹಿಂಜರಿಯುವಂಥದು. ಮರಾಠಿ ರಂಗಭೂಮಿಯಲ್ಲಿ ಹೆಣ್ಣುಪಾತ್ರವೆಂದರೆ ನಟ ಬಾಲಗಂಧರ್ವರೇ ಎಂಬ ಕಾಲವಿತ್ತು. ಅವರು ಉಟ್ಟ ಸೀರೆಯ ನೆರಿಗೆಯನ್ನು ಮನೆ ಹೆಂಗಸರು ಅನುಕರಿಸುತ್ತಿದ್ದರಂತೆ. 1930ರ ದಶಕದ ಕೊನೆಗೆ ಅವರ ಕಂಪನಿ ಸೇರಿ, ಗಂಡಸೊಬ್ಬ ಅಮರವಾಗಿಸಿದ ಹೆಣ್ಣುಪಾತ್ರಗಳನ್ನು ಅದೇ ಗಾಯನಶೈಲಿಯಲ್ಲಿ ಹಾಡಿ ಆಡಿದವರು ಬೀಳಗಿಯ ಈ ಹೆಣ್ಣುಮಗಳು. 1951ರಲ್ಲಿ ಅವರಿಬ್ಬರ ಮದುವೆಯಾಯಿತು. ಮರಾಠಿ ರಸಿಕರಲ್ಲಿ ಅನೇಕರು ಇದನ್ನು ಸಹಿಸಲಿಲ್ಲ, ಗಂಧರ್ವರ ಕಷ್ಟಕ್ಕೆಲ್ಲ ಆಕೆಯೇ ಕಾರಣ ಎಂದರು. ಆರೋಪ ಮನೆಮಾತಾಯಿತು, ಹಾಡು ಮೂಲೆ ಸೇರಿತು.

ತಂಗಿ ಅಮೀರ್‌ಬಾಯಿ ಕರ್ನಾಟಕಿಯ ದಾರಿ ಮುಂಬಯಿಯ ಸಿನಿಮಾ. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು, ಅದರಲ್ಲಿ ನಾಯಕಿಯ ದನಿ ಅಮೀರ್‌ಬಾಯಿಯದು. ಲತಾ ಬರುವ ಮುಂಚಿನ ಆ ಕೆಲವು ವರ್ಷ ಹಿಂದಿ ಚಿತ್ರಗೀತೆಯಲ್ಲಿ ಈಕೆಯ ಸ್ಥಾನ ದೊಡ್ಡದು. ಮೂಗಿನ ಲೇಪವಿರುವ, ಕೊಂಚ ಎದೆಯಿಂದ ಎಳೆದು ಹಾಡುವ ಆ ರೀತಿ ಇಂದಿನ ಕಿವಿಗೆ ಮೊದಲು ಹಳತೆನಿಸಬಹುದು. ಮೂರನೆಯ ಸಲಕ್ಕೆ ಅದರ ಬಿಸುಪು ಹತ್ತುತ್ತದೆ. ಗುಜರಾತಿ, ಮರಾಠಿ, ಕನ್ನಡ ಎಲ್ಲದರಲ್ಲೂ ಹಾಡಿದ ಆಕೆ 1965ರಲ್ಲಿ ತೀರಿಕೊಂಡಾಗ ಸಿನಿಮಾ ಲೋಕ ಎಂದೋ ಮುಂದೆ ಸಾಗಿತ್ತು. ರಹಮತ್ ತರೀಕೆರೆಯವರು ಊರೂರು ತಿರುಗಿ, ಬಳಗದವರನ್ನು ಮಾತಾಡಿಸಿ ಆಕೆಯ ಮೇಲೆ ಕನ್ನಡದಲ್ಲಿ ಪುಸ್ತಕ ಬರೆಯದಿದ್ದರೆ ಬಾಗಲಕೋಟೆ ಜಿಲ್ಲೆಯ ಈ ಅಕ್ಕತಂಗಿಯರು ಹಳೆಯ ಪ್ಲೇಟು ಕೂಡಿಡುವವರ ಕಪಾಟಿನಲ್ಲೇ ಉಳಿಯುತ್ತಿದ್ದರು.

ಸಿನಿಮಾ ಪ್ಲೇಟಿನ ಮೇಲೆ ಹೆಸರು ಸಿಗುವುದೇ ಆಗ ಕಷ್ಟವಿತ್ತು. 1949ರ ‘ಮಹಲ್’ ಚಿತ್ರದ, ಲತಾ ಅವರನ್ನು ಮನೆಮನೆಗೆ ಮುಟ್ಟಿಸಿದ ಆ ಪ್ರಸಿದ್ಧ ಹಾಡಿನ ಪ್ಲೇಟಿನಲ್ಲಿ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಕಾಮಿನಿ ಎಂದರೆ ಚಿತ್ರದಲ್ಲಿ ಮಧುಬಾಲಾ ಪಾತ್ರದ ಹೆಸರು. ಕೇಳುಗರು ರೇಡಿಯೋಗೆ ಬರೆದು ಬರೆದು ಕೇಳಿದ ಮೇಲೆ ನಿಜವಾದ ಹೆಸರು ಹೊರಬಂತು.

ಕನ್ನಡದ ಭಾವಗೀತೆಯಲ್ಲಿ ಸುಳಿವು ಇನ್ನೂ ಹತ್ತಿರದಲ್ಲಿದೆ. ಪಿ. ಕಾಳಿಂಗರಾಯರ ಹಳೆಯ ಹಾಡುಗಳನ್ನು ಕೇಳಿದವರಿಗೆಲ್ಲ ಅವರ ದನಿಯ ಪಕ್ಕದಲ್ಲಿ ಹೆಣ್ಣುದನಿ ಕೇಳಿರುತ್ತದೆ. ಮೋಹನಕುಮಾರಿ, ಸೋಹನಕುಮಾರಿ. ರಾಯರು ಊರೂರಲ್ಲಿ ಕಚೇರಿ ಮಾಡುವಾಗ ಜೊತೆಗಿದ್ದವರು ಇವರೇ. ಎಷ್ಟೋ ಹಾಡುಗಳಲ್ಲಿ ರಾಯರ ಕಂಠದ ಗಾಂಭೀರ್ಯ ಎದ್ದು ಕಾಣುವುದು ಈ ಸಣ್ಣ ದನಿ ಅದರ ಅಂಚಿಗೆ ಜರಿ ಹಾಕಿದ್ದರಿಂದ. ‘ಕಾಳಿಂಗರಾಯರ ಹಾಡು’ ಎಂಬ ವಾಡಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಈ ಇಬ್ಬರ ಬಗ್ಗೆ ಬಿಡಿಯಾಗಿ ಬರೆಯಬೇಕೆಂದು ಯಾರಿಗೂ ಹೊಳೆದಂತಿಲ್ಲ.

ಹೀಗೆ ಹೆಸರು ಬಿಟ್ಟುಹೋಗುವುದು ಹಾಡಿಗಷ್ಟೇ ಅಲ್ಲ, ಪುಸ್ತಕಕ್ಕೂ ಆಗಿದೆ. ಅದನ್ನು ಸರಿಪಡಿಸಲು ಹೋಗಿ ಪೆಟ್ಟು ತಿಂದ ಗಾಯಕಿಯೊಬ್ಬರು ನಮ್ಮವರೇ. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ಮೈಸೂರು, ಬೆಂಗಳೂರು ದಾಟಿ ಮದರಾಸಿನಲ್ಲಿ ನೆಲೆಯೂರಿದ ಆಕೆ ಸಂಸ್ಕೃತ, ತೆಲುಗು ಚೆನ್ನಾಗಿ ಬಲ್ಲವರು. ತಂಜಾವೂರು ಆಸ್ಥಾನದಲ್ಲಿ 18ನೆಯ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿಯ ‘ರಾಧಿಕಾ ಸಾಂತ್ವನಮು’ ಕಾವ್ಯದ ಅಚ್ಚಾದ ಪ್ರತಿಯೊಂದು ಅವರ ಕೈಗೆ ಬಂತು. ಅದು ಕತ್ತರಿ ಬಿದ್ದ ಪ್ರತಿ. ಮುದ್ದುಪಳನಿ ತನ್ನ ಅಜ್ಜಿ, ಅತ್ತೆಯರ ವಂಶಾವಳಿ ಹೇಳಿಕೊಂಡ ಪೀಠಿಕೆಯ ಪದ್ಯಗಳೇ ಅದರಲ್ಲಿ ಮಾಯವಾಗಿದ್ದವು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ, ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಇದೇ ಕಾವ್ಯವನ್ನು ಅಶ್ಲೀಲವೆಂದು ಹಳಿದಿದ್ದ ವೀರೇಶಲಿಂಗಂ ಪಂತುಲು ಅವರಂಥ ಸುಧಾರಕರನ್ನು ಮುನ್ನುಡಿಯಲ್ಲೇ ತರಾಟೆಗೆ ತೆಗೆದುಕೊಂಡರು, ಶೀಲದ ಪಾಠ ಹೆಂಗಸಿಗೆ ಮಾತ್ರ ಏಕೆ ಎಂಬ ಧಾಟಿಯಲ್ಲಿ. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊತ್ತು ಬರಬೇಕಾಯಿತು.

ಸಂಗೀತದವರಿಗೆ ನಾಗರತ್ನಮ್ಮ ಗೊತ್ತಿರುವುದು ತಿರುವೈಯಾರಿನಿಂದ. ಹಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ಒಡವೆ ಮಾರಿ ಗುಡಿ ಕಟ್ಟಿಸಿದರು, 1920ರ ದಶಕದಲ್ಲಿ ಪ್ರತಿಷ್ಠೆಯಾಯಿತು. ಹಣ ಅವರದು, ಗುಡಿ ಅವರದು. ಆರಾಧನೆಯಲ್ಲಿ ಹಾಡಲು ಮಾತ್ರ ಹೆಂಗಸರಿಗೆ ಅವಕಾಶವಿರಲಿಲ್ಲ. ನಾಗರತ್ನಮ್ಮ ಅಳುತ್ತ ಕೂರಲಿಲ್ಲ, ಹೆಂಗಸರದೇ ಒಂದು ಬಣ ಕಟ್ಟಿ ಅದೇ ಆವರಣದಲ್ಲಿ ಬೇರೆ ಆರಾಧನೆ ನಡೆಸಿದರು. ಬಣಗಳು ಒಂದಾದದ್ದು 1940ರ ಸುಮಾರಿಗೆ. 1952ರಲ್ಲಿ ತೀರಿಕೊಂಡ ಆಕೆಯ ಪ್ರತಿಮೆ ಇಂದು ತ್ಯಾಗರಾಜರ ಸನ್ನಿಧಿಗೆ ಮುಖ ಮಾಡಿ ಕೂತಿದೆ. ಪ್ರತಿ ವರ್ಷ ಟಿವಿಯಲ್ಲಿ ಪಂಚರತ್ನ ಗೋಷ್ಠಿ ನೋಡುವವರು, ಮುಂದಿನ ಸಾಲಿನಲ್ಲಿ ಕೂತ ಗಾಯಕಿಯರನ್ನು ಕಾಣುವಾಗ ಆ ಪ್ರತಿಮೆಯನ್ನೂ ಒಮ್ಮೆ ಹುಡುಕಬಹುದು.

ಪ್ಲೇಟೇ ಇಲ್ಲದ ಹಾಡುಗಾರ್ತಿಯರ ಗತಿ ಬೇರೆ. 1931ರಲ್ಲಿ ಹಲಸಂಗಿ ಗೆಳೆಯರು ತಂದ ‘ಗರತಿಯ ಹಾಡು’ ಕನ್ನಡದ ಹೆಮ್ಮೆ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಮುಂದೆ ಹುಟ್ಟಿದ ಆ ತ್ರಿಪದಿಗಳನ್ನು ಕೂಡಿಸಿದವರ ಹೆಸರು ಮುಖಪುಟದಲ್ಲಿದೆ, ಹಾಡಿಕೊಟ್ಟವಳು ‘ಗರತಿ’. ಒಂದು ಬಗೆಯ ಹೆಂಗಸು, ಒಬ್ಬ ಹೆಂಗಸಲ್ಲ. ಆ ಕಾಲದ ಸಂಗ್ರಹದ ರೀತಿಯೇ ಅದು, ದೂರಿ ಫಲವಿಲ್ಲ. ಆದರೆ ಎರಡು ತಲೆಮಾರಿನ ನಂತರ ಪದ್ಧತಿ ಬದಲಾಯಿತೆಂಬುದು ಗಮನಿಸಬೇಕಾದದ್ದು. ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿ, ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ, ಅಂಕೋಲೆಯ ಬಡಗೇರಿಯ ಹಾಲಕ್ಕಿ ಸುಕ್ರಿ ಬೊಮ್ಮಗೌಡ, ಇವರೆಲ್ಲ ತಮ್ಮ ಹೆಸರಿನಿಂದಲೇ ಪರಿಚಿತರಾದವರು. ಈರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ರಾತ್ರಿಗಟ್ಟಲೆ ಹಾಡುವ ಹನ್ನೆರಡರಷ್ಟು ಕಾವ್ಯಗಳು ನೆನಪಿನಲ್ಲಿದ್ದವು, ಕುಮಾರರಾಮನದೂ ಅದರಲ್ಲೊಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೂ ಈರಮ್ಮನಿಗೂ ನಾಡೋಜ ಗೌರವ ಕೊಟ್ಟಿತು. ಸುಕ್ರಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿದ ಆಕೆ 2025ರ ಫೆಬ್ರವರಿಯಲ್ಲಿ ಹೋದರು. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಗಂಡಸರ ನಡುವೆ ಹೆಜ್ಜೆಯಿಟ್ಟು ಹಾಡಿದ ಕೌಜಲಗಿ ನಿಂಗಮ್ಮನ ಹೆಸರನ್ನೂ ಇಲ್ಲಿ ಸೇರಿಸಬೇಕು. ಅಲ್ಲಿಯೂ ಊರೇ ಮುಂದೆ.

ಇವೆಲ್ಲ ತೀರಾ ಹಳೆಯ ಕಾಲದ ಕಥೆ ಎನ್ನುವವರು 1983ರ ಒಂದು ಪ್ಲೇಟನ್ನು ಕೈಗೆತ್ತಿಕೊಳ್ಳಲಿ. ಹೆಸರು ‘ಜ್ಯೋತಿ’. ಜರ್ಮನಿಯ ಇಸಿಎಂ ಕಂಪನಿಯದು. ಹೊದಿಕೆಯ ಮೇಲೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಹೆಸರಿದೆ, ಜೊತೆಗೆ ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂದಿದೆ. ಪರ್ಕಶನ್ ಎಂದರೆ ತಾಳವಾದ್ಯ. ಆದರೆ ಮುಳ್ಳು ಇಟ್ಟರೆ ಮೊದಲಿಗೆ ಮನಸ್ಸು ಸೆಳೆಯುವುದು ಆರ್.ಎ. ರಮಾಮಣಿಯವರ ಕಂಠ. ರಾಗದ ಚೌಕಟ್ಟು ಬಿಡದೆ, ಸ್ವರವನ್ನೂ ಬಾಯಿತಾಳದ ಕೊನ್ನಕ್ಕೋಲನ್ನೂ ಒಂದರೊಳಗೊಂದು ಹೆಣೆಯುತ್ತ ಸ್ಯಾಕ್ಸೊಫೋನಿನ ಜೊತೆ ಮಾತುಕತೆಗೆ ಇಳಿಯುವ ಆ ದನಿ ಯುರೋಪಿನ ಜಾಜ್ ಕೇಳುಗರಿಗೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಹೊಸ ತಲೆಮಾರಿನ ಕೇಳುಗರಿಗೆ ಶಿಫಾರಸು ಮಾಡಲು ಇದಕ್ಕಿಂತ ಹತ್ತಿರದ ಅಚ್ಚರಿ ಸಿಗುವುದು ಕಷ್ಟ.

ಒಂದು ಸಂಜೆ ಬಿಡುವಿದ್ದವರು ಹೀಗೆ ಮಾಡಬಹುದು. ಹಳೆಯ ಪ್ಲೇಟುಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿದವರ ದಯದಿಂದ ಇಂದು ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವೆ. ಮೊದಲು ಗಾಂಧಾರಿ ಹಾನಗಲ್ ಎಂದು ಹುಡುಕಿ ಆ ಹುಡುಗಿಯ ದನಿ ಕೇಳಬೇಕು. ಆಮೇಲೆ ಅಮೀರ್‌ಬಾಯಿ. ಆಮೇಲೆ ಮೋಗುಬಾಯಿಯವರದು ಒಂದು ರಾಗ, ಅರ್ಧಕ್ಕೆ ಬಿಡದೆ. ನಡುವೆ ಕಾಫಿ. ಕೊನೆಗೆ ಗಂಗೂಬಾಯಿಯವರ ಇಳಿವಯಸ್ಸಿನ ಕಚೇರಿಯೊಂದರ ಮುದ್ರಣ. ಮಂದ್ರದಲ್ಲಿ ರಾಗ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ತಾರಷಡ್ಜ ಹತ್ತಿರವಾದಂತೆ ಗಂಗೂಬಾಯಿ ಒಂದು ಸ್ವರವನ್ನು ತುಸು ಕೆಳಗೇ ಹಿಡಿದು ನಿಲ್ಲಿಸುತ್ತಾರೆ. ಅಲ್ಲಿಂದ ಬೆನ್ನ ಹಿಂದಿನ ಇನ್ನೊಂದು ದನಿ ಅದನ್ನು ಎತ್ತಿಕೊಂಡು ಮೇಲಕ್ಕೆ ಒಯ್ದು, ಷಡ್ಜದ ಮೇಲೆ ಇಟ್ಟು, ಸದ್ದಿಲ್ಲದೆ ಹಿಂದೆ ಸರಿಯುತ್ತದೆ. ಮಗಳು ಕೃಷ್ಣಾ ಹಾನಗಲ್. ದಶಕಗಳ ಕಾಲ ತಾಯಿಯ ಹಿಂದೆ ತಂಬೂರಿ ಹಿಡಿದು ಕೂತು ಹಾಡಿದವರು, 2004ರಲ್ಲಿ ತಾಯಿಗಿಂತ ಐದು ವರ್ಷ ಮೊದಲೇ ತೀರಿಕೊಂಡರು. ಅದೇ ಮುದ್ರಣವನ್ನು ಎರಡನೆಯ ಸಲ ಹಾಕಿದಾಗ ಆಕೆಯೊಬ್ಬಳನ್ನೇ ಹಿಂಬಾಲಿಸಬೇಕು.